‘ಎಂಜಿನ್ ಸ್ವಾಪ್’ಗೆ ಕನ್ನಡದಲ್ಲಿ ಏನನ್ನೋಣ: ಬದಲಿಯೋ, ಕಸಿಯೋ?

ಮಾನ್ಯರೆ,

ಒಂದು ಪದದ ವಿಚಾರವಾಗಿ ತಮ್ಮ ಅಭಿಪ್ರಾಯ ಬೇಕಾಗಿದೆ. ಮೈಸೂರಿನಲ್ಲಿ ವಾಹನ ದುರಸ್ತಿ ಕಲಿಯುತ್ತಿರುವ ಹುಡುಗರಿಗಾಗಿ ನಾನು ಕನ್ನಡದಲ್ಲಿ ಪಾಠದ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರಿನ ಭಾರವಾದ ಎಂಜಿನ್ನನ್ನು ತೆಗೆದು, ಆ ಜಾಗದಲ್ಲಿ ಈಚಿನ ಹಗುರವಾದ ಟರ್ಬೊ (ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ) ಎಂಜಿನ್ನನ್ನು ಕೂರಿಸುವ ಕೆಲಸದ ಬಗ್ಗೆ ಅದರಲ್ಲೊಂದು ಅಧ್ಯಾಯವಿದೆ. ಇಂಗ್ಲೆಂಡ್, ಅಮೆರಿಕಗಳ ಹವ್ಯಾಸಿಗಳು ಬಹುಕಾಲದಿಂದ ಮಾಡಿಕೊಂಡು ಬಂದಿರುವ ಈ ಕೆಲಸವನ್ನು ಅಲ್ಲಿ ‘ಎಂಜಿನ್ ಸ್ವಾಪ್’ ಎಂದು ಕರೆಯುತ್ತಾರೆ. ಇದಕ್ಕೆ ನಮ್ಮಲ್ಲಿ ಏನೆನ್ನಬೇಕು ಎಂಬ ಒಂದೇ ಮಾತಿಗೆ ಅಧ್ಯಾಯ ತಿಂಗಳಿಂದ ನಿಂತುಬಿಟ್ಟಿದೆ.

ಪದಕ್ಕೆ ಹೋಗುವ ಮೊದಲು ಕೆಲಸವನ್ನು ಸ್ವಲ್ಪ ವಿವರಿಸುತ್ತೇನೆ. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಿ. ಅದರ 1798 ಸಿಸಿ ಎಂಜಿನ್ನಿನ ಬ್ಲಾಕು, ಅಂದರೆ ಸಿಲಿಂಡರುಗಳಿರುವ ಮುಖ್ಯ ಭಾಗ, ಬೀಡುಕಬ್ಬಿಣದ್ದು, ಶಕ್ತಿ ಸುಮಾರು 95 ಎಚ್‌ಪಿ. 2020ರಲ್ಲಿ ನಮ್ಮ ದೇಶದ ಫೋಕ್ಸ್‌ವ್ಯಾಗನ್ ಪೋಲೊ ಕಾರಿಗೆ ಬಂದ ಮೂರು ಸಿಲಿಂಡರಿನ ಟರ್ಬೊ ಎಂಜಿನ್ 999 ಸಿಸಿಯದು, ಬ್ಲಾಕು ಅಲ್ಯುಮಿನಿಯಮ್ಮಿನದು, ಶಕ್ತಿ 110 ಎಚ್‌ಪಿಗೆ ಸನಿಹ. ಗಾತ್ರದಲ್ಲಿ ಹಳೆಯದರ ಅರ್ಧಕ್ಕಿಂತ ತುಸು ದೊಡ್ಡದಾದ ಎಂಜಿನ್ ಶಕ್ತಿಯಲ್ಲಿ ಹಳೆಯದನ್ನು ಮೀರಿಸುತ್ತದೆ ಎಂದರೆ ಹವ್ಯಾಸಿಗಳಿಗೆ ಆಸೆ ಹುಟ್ಟುವುದು ಸಹಜ. ಆದರೆ ಎತ್ತಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಂಥ ಹೊಸ ಎಂಜಿನ್ನುಗಳನ್ನು ಮುಂದಿನ ಚಕ್ರಗಳು ಎಳೆಯುವ ಕಾರುಗಳಲ್ಲಿ ಅಡ್ಡಲಾಗಿ ಕೂರಿಸಿರುತ್ತಾರೆ. ಹಿಂದಿನ ಚಕ್ರಗಳು ತಳ್ಳುವ ಹಳೆಯ ಕಾರಿನಲ್ಲಿ ಎಂಜಿನ್ ಉದ್ದಕ್ಕೆ ನಿಲ್ಲಬೇಕು. ಗೇರ್‌ಬಾಕ್ಸಿನ ಬೋಲ್ಟಿನ ತೂತುಗಳು ಹೊಂದುವುದಿಲ್ಲವಾದ್ದರಿಂದ ನಡುವೆ ದಪ್ಪನೆಯ ತಗಡೊಂದನ್ನು ಕೊರೆಸಿ ಹಾಕಬೇಕು. ಕಾರ್ಬ್ಯುರೇಟರ್ ಕಾಲದ ವೈರಿಂಗು ಹೊಸ ಎಂಜಿನ್ನಿನ ಕಂಪ್ಯೂಟರಿಗೆ ಸಾಲುವುದಿಲ್ಲ. ತನ್ನ ಸೆನ್ಸರುಗಳೆಲ್ಲ ಜೊತೆಗಿಲ್ಲದಿದ್ದರೆ ಆ ಕಂಪ್ಯೂಟರು ಎಂಜಿನ್ನನ್ನು ಸ್ಟಾರ್ಟ್ ಆಗಲು ಬಿಡದೆಯೂ ಇರಬಹುದು.

ಈಗ ಪದಗಳು. ‘ಅದಲುಬದಲು’ ಎಂದರೆ ಎರಡು ವಸ್ತುಗಳು ಪರಸ್ಪರ ಜಾಗ ಬದಲಿಸಿಕೊಳ್ಳಬೇಕು. ಇಲ್ಲಿ ಹಳೆಯ ಎಂಜಿನ್ ಹೊಸ ಕಾರಿಗೆ ಹೋಗುವುದಿಲ್ಲ, ಶೆಡ್ಡಿನ ಮೂಲೆ ಸೇರುತ್ತದೆ. ‘ವಿನಿಮಯ’ಕ್ಕೂ ಇದೇ ತೊಡಕು. ‘ಬದಲಾವಣೆ’ ಎಂಬುದು ತೀರ ಸಡಿಲವಾದ ಪದ: ಎಂಜಿನ್ ಆಯಿಲ್ ಬದಲಿಸುವುದೂ, ಕೆಟ್ಟ ಎಂಜಿನ್ ತೆಗೆದು ಅದೇ ಮಾದರಿಯದನ್ನು ಹಾಕುವುದೂ ಅದರಲ್ಲೇ ಅಡಗುತ್ತವೆ. ‘ಮಾರ್ಪಾಡು’ ಎಂದರೆ ಕಾನೂನಿನ ನೆರಳು ಬೀಳುತ್ತದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಹುಡುಗರಿಗೆ ಆ ಕಲಮನ್ನು ಪಾಠದ ಆರಂಭದಲ್ಲೇ ಹೇಳುತ್ತೇನೆ, ‘ಮಾರ್ಪಾಡು’ ಎಂಬ ಪದವನ್ನೂ ಅಲ್ಲಿಗೇ ಮೀಸಲಿಡಬೇಕೆಂದಿದ್ದೇನೆ.

ನನಗೆ ದಾರಿ ತೋರಿದ್ದು ಪಾಂಡವಪುರದ ಕಡೆಯ ಒಂದು ಆಲೆಮನೆ. ಅಲ್ಲಿ ಕಬ್ಬಿನ ಗಾಣಕ್ಕೆ ಬೆಲ್ಟು ಕಟ್ಟಿದ್ದ ಹಳೆಯ ಕಾಲದ ಡೀಸೆಲ್ ಎಂಜಿನ್ನನ್ನು, ನಿಮಿಷಕ್ಕೆ 650 ಸುತ್ತು ತಿರುಗುವ, ಎರಡು ಬದಿಗೂ ದೊಡ್ಡ ಗಾಲಿಯಿರುವ ಅಂಥದ್ದನ್ನು, ಎಬ್ಬಿಸಿ 1500 ಸುತ್ತಿನ ಹಗುರವಾದ ಎಂಜಿನ್ನೊಂದನ್ನು ತಂದಿದ್ದರು. ಚೈನ್ ಬ್ಲಾಕಿನಲ್ಲಿ ಇಳಿಬಿಟ್ಟು, ಕಾಂಕ್ರೀಟಿನಿಂದ ಮೇಲೆದ್ದಿದ್ದ ಹಳೆಯ ಬೋಲ್ಟುಗಳಿಗೆ ಹೊಂದಲಿಲ್ಲವೆಂದು ಅಡಿಯಲ್ಲಿ ಎರಡು ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದರು. ಹ್ಯಾಂಡಲ್ ತಿರುಗಿಸುತ್ತಲೇ ಎಂಜಿನ್ ಹತ್ತಿಕೊಂಡಿತು. ಆದರೆ ಹಳೆಯ ಅಳತೆಯ ಪುಲ್ಲಿಯನ್ನೇ ಹಾಕಿದ್ದರಿಂದ ಗಾಣ ಎರಡು ಪಟ್ಟಿಗೂ ಮಿಗಿಲಾಗಿ ತಿರುಗಿ, ಬಾಯಿಗೆ ಕೊಟ್ಟ ಕಬ್ಬಿನ ಜಲ್ಲೆ ಸರಿಯಾಗಿ ಹಿಂಡುವ ಮೊದಲೇ ಹೊರಕ್ಕೆ ಬಂತು, ಬೆಲ್ಟು ಕಿತ್ತು ಗೋಡೆಗೆ ಬಡಿಯಿತು. ಮೇಸ್ತ್ರಿ ಎಂಜಿನ್ ನಿಲ್ಲಿಸಿ, ಮಾಲೀಕರ ಕಡೆ ತಿರುಗಿ ಹೇಳಿದರು: “ಕೂತ್ಕತು ಗೌಡ್ರೆ, ಒಗ್ಗಿಲ್ಲ ಇನ್ನೂವೆ.”

ಆ ಎರಡು ಕ್ರಿಯಾಪದಗಳು ನನ್ನ ತಲೆಯಲ್ಲಿ ಉಳಿದುಬಿಟ್ಟವು. ಎಂಜಿನ್ ‘ಕೂರುವುದು’ ಬೇರೆ, ‘ಒಗ್ಗುವುದು’ ಬೇರೆ. ಮರುದಿನ ಪುಲ್ಲಿಯನ್ನು ಅರ್ಧಕ್ಕಿಂತ ಚಿಕ್ಕದು ಮಾಡಿಸಿ ಹಾಕಿದ ಮೇಲಷ್ಟೇ ‘ಒಗ್ತು’ ಎಂಬ ಮಾತು ಬಂತು. ಎಂಜಿಬಿಯ ವಿಷಯದಲ್ಲೂ ತಗಡು ಕೊರೆಸಿ ಮೌಂಟಿಂಗ್ ಬಿಗಿಯುವವರೆಗೆ ನಡೆಯುವುದು ಕೂರಿಸುವ ಕೆಲಸ. ಗೇರಿನ ಅನುಪಾತ, ಪೆಟ್ರೋಲಿನ ಒತ್ತಡ, ರೇಡಿಯೇಟರು, ಸ್ಪ್ರಿಂಗು, ವೈರಿಂಗುಗಳನ್ನು ಹೊಂದಿಸುವುದೆಲ್ಲ ಒಗ್ಗಿಸುವ ಕೆಲಸ. ‘ಸ್ವಾಪ್’ ಎಂಬ ಪದ ಈ ಎರಡನೆಯದನ್ನು ಹೇಳುವುದೇ ಇಲ್ಲ. ಅನುಭವವಿಲ್ಲದವರ ಕಾರುಗಳು ಅರ್ಧಕ್ಕೆ ನಿಲ್ಲುವುದು ಮಾತ್ರ ಅಲ್ಲಿಯೇ.

ಒಗ್ಗುವ ಅರ್ಥವನ್ನು ತನ್ನೊಳಗೇ ಇಟ್ಟುಕೊಂಡಿರುವ ಒಂದು ನಾಮಪದ ನಮ್ಮಲ್ಲಿದೆ, ಅದು ‘ಕಸಿ’. ತೋಟದಲ್ಲಿ ನಾಟಿ ಮಾವಿನ ಬೇರುಸಸಿಗೆ ಒಳ್ಳೆಯ ತಳಿಯ ಕಡ್ಡಿಯನ್ನು ಕಟ್ಟಿದಾಗ, ಕಟ್ಟಿದ ದಿನವೇ ಕಸಿ ಆಯಿತೆಂದು ಯಾರೂ ಹೇಳುವುದಿಲ್ಲ. ಚಿಗುರು ಒಡೆದ ಮೇಲೆ ‘ಕಸಿ ಹತ್ತಿತು’ ಎನ್ನುತ್ತಾರೆ. ಇದೇ ಪದವನ್ನು ವೈದ್ಯರಿಂದಲೂ ಪತ್ರಿಕೆಗಳಿಂದಲೂ ಪಡೆದು ‘ಮೂತ್ರಪಿಂಡ ಕಸಿ’, ‘ಹೃದಯ ಕಸಿ’ ಎಂದು ನಾವೆಲ್ಲ ಸಲೀಸಾಗಿ ಬಳಸುತ್ತಿದ್ದೇವೆ. ಎಂಜಿನ್ನನ್ನು ಕಾರಿನ ಹೃದಯವೆಂದು ಕರೆಯುವ ರೂಢಿ ಹೇಗೂ ಇರುವುದರಿಂದ ‘ಎಂಜಿನ್ ಕಸಿ’ ಎಂದರೆ ಹುಡುಗರಿಗೆ ವಿವರಣೆಯೇ ಬೇಕಾಗದು ಎಂದು ನನ್ನ ನಂಬಿಕೆ.

ಒಂದು ಅಡ್ಡಿಯನ್ನು ಮಾತ್ರ ಮುಚ್ಚಿಡಲಾರೆ. ‘ಕಸಿ’ ಎಂಬುದು ಕಿತ್ತುಕೊಳ್ಳು ಎಂಬರ್ಥದ ಕ್ರಿಯಾಪದವೂ ಹೌದು. ‘ಎಂಜಿನ್ ಕಸಿದರು’ ಎಂದು ಬರೆದರೆ ಕಳ್ಳತನದ ವರದಿಯಾಗುತ್ತದೆ. ಆದ್ದರಿಂದ ಕ್ರಿಯಾಪದವಾಗಿ ಬಳಸುವಾಗ ‘ಕಸಿ ಮಾಡು’ ಅಥವಾ ‘ಕಸಿ ಕಟ್ಟು’ ಎಂದೇ ಬರೆಯಬೇಕಾಗುತ್ತದೆ. ಎರಡನೆಯದು ತೋಟಗಾರರ ಬಾಯಲ್ಲಿರುವ ರೂಪ, ನನಗೆ ಅದೇ ಇಷ್ಟ. ಆದರೆ ಬೋಲ್ಟು ಬಿಗಿಯುವ ಕೆಲಸಕ್ಕೆ ‘ಕಟ್ಟು’ ಹೊಂದುವುದೇ ಎಂಬ ಅನುಮಾನ ಉಳಿದಿದೆ.

ಇದೇ ಅಧ್ಯಾಯದಲ್ಲಿ ಬರುವ ಇನ್ನೊಂದು ಮಾತು, ಕಾರಿನ ತೂಕ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಹಂಚಿಕೆಯದು. ‘ಭಾರ ವಿತರಣೆ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಮಂಡ್ಯದಲ್ಲಿ ಎತ್ತಿನ ಗಾಡಿಗೆ ಕಬ್ಬು ಹೇರುವವರು ‘ಮುಂಭಾರ’, ‘ಹಿಂಭಾರ’ ಎನ್ನುತ್ತಾರೆ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಮೂತಿಯಲ್ಲಿ ಬೀಡುಕಬ್ಬಿಣ ಹೊತ್ತ ಹಳೆಯ ಕಾರು ಮುಂಭಾರದ ಗಾಡಿಯಂತೆ ತಿರುವಿನಲ್ಲಿ ಬೇಗ ಹೊರಳದೆ ನೇರಕ್ಕೆ ಹೋಗಲು ನೋಡುತ್ತದೆ. ಎಂಜಿನ್ ಹಗುರವಾದೊಡನೆ ಮುಂಭಾರ ಇಳಿದು ಸ್ಟಿಯರಿಂಗ್ ಚುರುಕಾಗುತ್ತದೆ, ಜೊತೆಗೇ ಹಳೆಯ ಸ್ಪ್ರಿಂಗಿನ ಮೇಲೆ ಮೂತಿ ಮೇಲಕ್ಕೇಳುತ್ತದೆ. ಹುಡುಗರಲ್ಲಿ ಅರ್ಧದಷ್ಟು ಮಂದಿ ಕಬ್ಬಿನ ಊರುಗಳಿಂದ ಬಂದವರು, ಅವರಿಗೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು.

‘ಟರ್ಬೊ’ವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಸುಂಟರಗಾಳಿ, ಬುಗುರಿ ಎಂಬ ಅರ್ಥಗಳಿವೆ, ಬುಗುರಿ ಎನ್ನುವುದು ಎಷ್ಟು ಸರಿಯಾಗಿದೆ ನೋಡಿ: ಹೊರಹೋಗುವ ಬಿಸಿ ಹೊಗೆಯ ಬಲದಿಂದ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಪುಟ್ಟ ಚಕ್ರವದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಅದಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಅದು ಮಾಡುವ ಕೆಲಸವನ್ನು ವಿವರಿಸಲು ಕುಲುಮೆಯ ತಿದಿಯ ಹೋಲಿಕೆ ಕೊಟ್ಟಿದ್ದೇನೆ. ತಿದಿ ಒತ್ತಿದಷ್ಟೂ ಇದ್ದಿಲಿಗೆ ಗಾಳಿ ಹೋಗಿ ಬೆಂಕಿ ಕಾವೇರುವಂತೆ, ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಪೆಟ್ರೋಲು ಉರಿಯುತ್ತದೆ.

ಆದರೆ ‘ಟರ್ಬೊ ಲ್ಯಾಗ್’ ಎಂಬಲ್ಲಿ ಕೈ ನಿಂತಿದೆ. ಪೆಡಲು ಒತ್ತಿದ ಮೇಲೆ ಆ ಚಕ್ರ ವೇಗ ಹಿಡಿದು ಗಾಳಿ ತುಂಬುವವರೆಗೆ ಆಗುವ ಸಣ್ಣ ವಿಳಂಬವದು. ‘ವಿಳಂಬ’ ಎಂದರೆ ಕಚೇರಿಯ ಕಡತದ ವಾಸನೆ ಬರುತ್ತದೆ. ಮೈಸೂರಿನ ಗ್ಯಾರೇಜಿನಲ್ಲಿ ಕೇಳಿದಾಗ, ಜಾವಾ ಬೈಕುಗಳ ಕಾಲದಿಂದಲೂ ಎಂಜಿನ್ ಬಿಚ್ಚುತ್ತ ಬಂದಿರುವ ಹಿರಿಯರೊಬ್ಬರು “ಒಂದು ಉಸಿರು ತಗೊಂಡು ಆಮೇಲೆ ಎಳೀತದೆ ಸ್ವಾಮಿ” ಎಂದರು. ಅಲ್ಲಿಂದ ‘ಉಸಿರುತಡ’ ಎಂದು ಕಟ್ಟಿ ನೋಡಿದೆ. ‘ಉಸಿರಾಟದ ತೊಂದರೆ’ ಎಂದು ಓದಿಬಿಡುತ್ತಾರೇನೋ ಎಂದು ಅಳುಕಾಗುತ್ತಿದೆ.

ನನ್ನ ಪ್ರಶ್ನೆಗಳು ಮೂರು. ‘ಎಂಜಿನ್ ಕಸಿ’ ತಮಗೆ ಒಪ್ಪಿಗೆಯೇ, ಒಪ್ಪಿಗೆಯಾದರೆ ಜೊತೆಗೆ ‘ಮಾಡು’ ಬರಬೇಕೋ ‘ಕಟ್ಟು’ ಬರಬೇಕೋ? ಲ್ಯಾಗ್‌ಗೆ ಉಸಿರಿನ ಸುತ್ತ ಇನ್ನೂ ಒಳ್ಳೆಯ ಪದ ಉಂಟೇ? ಮದ್ದೂರು, ಮಳವಳ್ಳಿ, ನಾಗಮಂಗಲದ ಕಡೆ ಗಾಡಿಗೆ ‘ಮುಂಭಾರ’ ಎನ್ನುವುದಕ್ಕೆ ಬೇರೆ ಮಾತು ಇದ್ದರೆ ಅದನ್ನೂ, ಯಾರ ಬಾಯಲ್ಲಿ ಕೇಳಿದ್ದೆಂಬುದನ್ನೂ ದಯವಿಟ್ಟು ತಿಳಿಸಿ.