ಎಚ್‌ಟಿಟಿಪಿಎಸ್ ಹಾಕಿದ ಮೇಲೆ ಸ್ಲೈಡರ್ ನಿಂತಿದೆ, ಹಳೇ ಫೋಟೋ ಕಾಣ್ತಿಲ್ಲ

ಕೆರೆದಂಡೆ:
ನಮಸ್ಕಾರ. ನಮ್ಮೂರ ಯಕ್ಷಗಾನ ಸಂಘಕ್ಕೆ 2013ರಲ್ಲಿ ಒಂದು ವರ್ಡ್‌ಪ್ರೆಸ್ ಸೈಟ್ ಮಾಡಿಕೊಟ್ಟಿದ್ದೆ. ಹೋದ ವಾರ ಅದು ಎಚ್‌ಟಿಟಿಪಿ ಬದಲು ಸುರಕ್ಷಿತ ಎಚ್‌ಟಿಟಿಪಿಎಸ್‌ನಲ್ಲಿ ತೆರೆಯಲಿ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕಿದೆ. ಸೈಟ್ ತೆರೆಯುತ್ತೆ, ಆದರೆ ಮುಖಪುಟದ ಸ್ಲೈಡರ್ (ಫೋಟೋಗಳು ಒಂದಾದ ಮೇಲೊಂದು ಬರೋ ಜಾಗ) ತಿರುಗೋದೇ ಇಲ್ಲ, ಹಳೇ ಪೋಸ್ಟ್‌ಗಳಲ್ಲಿ ಕೆಲವು ಫೋಟೋ ಜಾಗ ಖಾಲಿ. ಕ್ರೋಮ್‌ನಲ್ಲಿ ಎಫ್12 ಒತ್ತಿ ಕನ್ಸೋಲ್ ನೋಡಿದರೆ ಸಾಲು ಸಾಲು 'ಮಿಕ್ಸೆಡ್ ಕಂಟೆಂಟ್' ಎಚ್ಚರಿಕೆ, ಅಂದರೆ ಎಚ್‌ಟಿಟಿಪಿಎಸ್ ಪುಟದೊಳಗೆ ಹಳೇ ಎಚ್‌ಟಿಟಿಪಿ ವಿಳಾಸದ ವಸ್ತುಗಳಿವೆ ಅಂತ. ಹೆಚ್ಚಿನವು ಹಳದಿ, ಒಂದು ಮಾತ್ರ ಕೆಂಪು. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ಸೈಟಿನ ಎರಡೂ ವಿಳಾಸ ಎಚ್‌ಟಿಟಿಪಿಎಸ್‌ಗೆ ಬದಲಾಯಿಸಿದ್ದೇನೆ. ಇನ್ನೇನು ಉಳಿದಿದೆ? ತೀರಿಕೊಂಡ ಹಿರಿಯ ಭಾಗವತರ ಫೋಟೋಗಳು ಅದರಲ್ಲಿವೆ, ಕಳೆದುಕೊಳ್ಳೋಕೆ ಮನಸ್ಸಿಲ್ಲ.

ಬೆಳಗಿನ_ಬಸ್ಸು:
ಹಳೇ ಪೋಸ್ಟ್‌ಗಳ ಒಳಗೆ ಫೋಟೋದ ಪೂರ್ತಿ ವಿಳಾಸ ಎಚ್‌ಟಿಟಿಪಿ ಅಂತಲೇ ಕೂತಿರುತ್ತೆ, ಸೆಟ್ಟಿಂಗ್ಸ್ ಅದನ್ನ ಮುಟ್ಟಲ್ಲ. ಡೇಟಾಬೇಸ್ ತಿದ್ದೋ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಹಳೇ ವಿಳಾಸ ಬದಲಾಯಿಸೋ ಒಂದು ರಿಪ್ಲೇಸ್ ಕ್ವೆರಿ ಓಡಿಸಿ, ಮುಗೀತು.

ಸರ್ವರ್_ಸಖಿ:
ದಯವಿಟ್ಟು ಎಲ್ಲ ಟೇಬಲ್‌ಗೂ ಹಾಗೆ ನೇರ ಓಡಿಸಬೇಡಿ. ವಿಜೆಟ್, ಥೀಮ್ ಸೆಟ್ಟಿಂಗ್‌ಗಳನ್ನ ವರ್ಡ್‌ಪ್ರೆಸ್ ಸೀರಿಯಲೈಸ್ ಮಾಡಿ ಇಡುತ್ತೆ, ಅಂದರೆ ಪ್ರತಿ ಪದದ ಪಕ್ಕ ಅದರ ಉದ್ದವನ್ನೂ ಬರೆದಿಟ್ಟಿರುತ್ತೆ. ನೀವು 'ಎಸ್' ಒಂದಕ್ಷರ ಸೇರಿಸಿದರೆ ಲೆಕ್ಕ ತಪ್ಪಿ ಆ ಸೆಟ್ಟಿಂಗ್ ಪೂರ್ತಿ ಹೋಗುತ್ತೆ. ನಾನು ಹೀಗೇ ಒಂದು ಸೈಟಿನ ಸೈಡ್‌ಬಾರ್ ಕಳೆದುಕೊಂಡು ರಾತ್ರಿಯಿಡೀ ಕೂತಿದ್ದೆ. ಮೊದಲು ಬ್ಯಾಕಪ್ ತಗೊಳ್ಳಿ. ಆಮೇಲೆ ಡಬ್ಲ್ಯೂಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ಗೆ ಆದೇಶ ಟೈಪ್ ಮಾಡಿ ಕೊಡೋ ಸಾಧನ) ಅದರ ಸರ್ಚ್-ರಿಪ್ಲೇಸ್ ಬಳಸಿ, ಅದು ಉದ್ದವನ್ನೂ ಸರಿ ಮಾಡುತ್ತೆ. ಮೊದಲ ಸಲ ಡ್ರೈ-ರನ್ ಹಾಕಿ ನೋಡಿ, ಏನೂ ಬದಲಾಯಿಸದೆ ಎಷ್ಟು ಕಡೆ ಬದಲಾಗುತ್ತೆ ಅಂತ ಮಾತ್ರ ತೋರಿಸುತ್ತೆ. ಹುಡುಕುವಾಗ ನಿಮ್ಮ ಡೊಮೇನ್ ಸೇರಿಸಿಯೇ ಹುಡುಕಿ, ಬೇರೆ ಸೈಟಿಗೆ ಕೊಟ್ಟ ಬರೀ ಲಿಂಕ್‌ಗಳಿಂದ ಈ ಎಚ್ಚರಿಕೆ ಬರಲ್ಲ.

ಹಳದಿ ಅಂದರೆ ಫೋಟೋ, ಆಡಿಯೋ ಥರದ್ದು, ಕ್ರೋಮ್ ತಾನೇ ಎಚ್‌ಟಿಟಿಪಿಎಸ್‌ನಲ್ಲಿ ಕೇಳಿ ನೋಡುತ್ತೆ, ಸಿಗದಿದ್ದರೆ ಜಾಗ ಖಾಲಿ. ಕೆಂಪು ಅಂದರೆ ಸ್ಕ್ರಿಪ್ಟ್ ಥರದ್ದು, ಅದನ್ನ ಪೂರ್ತಿ ತಡೆದುಬಿಡುತ್ತೆ. ನಿಮ್ಮ ಸ್ಲೈಡರ್ ನಿಂತಿರೋದು ಅದಕ್ಕೇ ಇರಬೇಕು. ಥೀಮ್ ಫೈಲ್‌ಗಳಲ್ಲೂ ಹುಡುಕಿ, ಡೇಟಾಬೇಸ್‌ನಲ್ಲಿ ಅದು ಸಿಗದೇ ಇರಬಹುದು.

ಒಂದೇ_ಸಾಲು:
ಅಷ್ಟರವರೆಗೆ 'ಅಪ್‌ಗ್ರೇಡ್-ಇನ್‌ಸೆಕ್ಯೂರ್-ರಿಕ್ವೆಸ್ಟ್ಸ್' ಅನ್ನೋ ಸಿಎಸ್‌ಪಿ ಹೆಡರ್ (ಪುಟದ ಜೊತೆ ಸರ್ವರ್ ಬ್ರೌಸರ್‌ಗೆ ಕಳಿಸೋ ಸುರಕ್ಷತಾ ಸೂಚನೆ) ಹಾಕಿಡಬಹುದು, ಸ್ಕ್ರಿಪ್ಟನ್ನೂ ಎಚ್‌ಟಿಟಿಪಿಎಸ್‌ನಲ್ಲೇ ಕೇಳುತ್ತೆ. ಆದರೆ ಆ ಕಡೆಯ ಸರ್ವರ್‌ನಲ್ಲಿ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಇದೂ ಏನೂ ಮಾಡಲ್ಲ.

ಕೆರೆದಂಡೆ:
ಸಖಿ ಅವರೇ, ತುಂಬಾ ಥ್ಯಾಂಕ್ಸ್. ಡ್ರೈ-ರನ್‌ನಲ್ಲಿ 412 ಕಡೆ ತೋರಿಸಿತು, ಬ್ಯಾಕಪ್ ತಗೊಂಡು ಓಡಿಸಿದೆ. ಸ್ಲೈಡರ್‌ನ ಸ್ಕ್ರಿಪ್ಟ್ ವಿಳಾಸ ಫುಟರ್ ಫೈಲಿನಲ್ಲಿ ನಾನೇ 2013ರಲ್ಲಿ ಟೈಪ್ ಮಾಡಿದ್ದು, ಅಲ್ಲಿ ಒಂದು 'ಎಸ್' ಸೇರಿಸಿದೆ, ತಿರುಗಿತು. ಖಾಲಿ ಕಾಣ್ತಿದ್ದ 11 ಫೋಟೋ ಬೇರೊಂದು ಹಳೇ ಸರ್ವರ್‌ನಲ್ಲಿವೆ, ಅಲ್ಲಿ ಎಚ್‌ಟಿಟಿಪಿಎಸ್ ಇಲ್ಲ. ಒಂದೊಂದಾಗಿ ಇಳಿಸಿ ನಮ್ಮ ಸೈಟಿಗೇ ಹಾಕ್ತಿದ್ದೇನೆ. ಭಾಗವತರದ್ದು ಮೊದಲು ಹಾಕಿದೆ.