ಸಂಗೀತ ಕಚೇರಿ ಕೇಳಿ ಪಳಗಿದ ಕಿವಿಗೆ ಹೊಸ ಜಾಝ್ ಆಲ್ಬಂಗಳು: ಯಾವುದರಿಂದ ಆರಂಭಿಸಲಿ?

ಪ್ರಶ್ನೆ: ಒಂಟಿಕೊಪ್ಪಲ್ ಕೇಳುಗ, ಮೈಸೂರು

ಎಲ್ಲರಿಗೂ ನಮಸ್ಕಾರ. ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳನ್ನು ಕೇಳಿಕೊಂಡೇ ಬೆಳೆದವನಾದ್ದರಿಂದ ನನಗೆ ರಾಗ ಗುರುತಿಸುವಷ್ಟು, ತಪ್ಪದೆ ತಾಳ ಹಾಕುವಷ್ಟು ಸಂಗೀತ ತಿಳಿದಿದೆ. ಕಳೆದ ತಿಂಗಳು ಊರಿಗೆ ಬಂದಿದ್ದ ಮಗಳು ಪಿಯಾನೋ ವಾದಕ ವಿಜಯ್ ಅಯ್ಯರ್ ಅವರ ‘ಕಂಪ್ಯಾಶನ್’ ಎಂಬ 2024ರ ಆಲ್ಬಮ್ಮನ್ನು ನನ್ನ ಫೋನಿಗೆ ಹಾಕಿಕೊಟ್ಟು ಹೋದಳು. ಪಿಯಾನೋ, ಬೇಸ್ (ಡಬಲ್ ಬೇಸ್ ಎಂಬ ಕೆಳದನಿಯ ದೊಡ್ಡ ತಂತಿವಾದ್ಯ), ಡ್ರಮ್ಸ್ ಹೀಗೆ ಮೂರೇ ವಾದ್ಯಗಳು. ಆದರೂ ಆಧಾರಷಡ್ಜ (ಉಳಿದ ಸ್ವರಗಳಿಗೆಲ್ಲ ನೆಲೆಯಾದ ‘ಸ’) ಎಲ್ಲಿದೆಯೆಂದು ನಾನು ಹುಡುಕುವಷ್ಟರಲ್ಲಿ ಅದು ಬೇರೆಲ್ಲಿಗೋ ಸರಿದಿರುತ್ತದೆ, ತೊಡೆಯ ಮೇಲೆ ತಾಳ ಹಾಕಲು ಹೋದರೆ ಸಮವೇ, ಅಂದರೆ ತಾಳ ಶುರುವಾಗುವ ಮೊದಲ ಪೆಟ್ಟೇ, ಕೈಗೆ ಸಿಗುವುದಿಲ್ಲ. ಚೆನ್ನಾಗಿಲ್ಲವೆಂದು ಬದಿಗಿಡೋಣವೆಂದರೆ, ರಾತ್ರಿ ದೀಪ ಆರಿಸಿದ ಮೇಲೂ ಅದರ ಒಂದು ತುಣುಕು ತಲೆಯಲ್ಲಿ ಸುತ್ತುತ್ತಿರುತ್ತದೆ. ಈಚೆಗೆ ಬಂದ ಆಲ್ಬಂಗಳಲ್ಲಿ ನನ್ನಂಥವನು ಯಾವುದನ್ನು ಮೊದಲು ಕೇಳಬೇಕು? ಕೇಳುವಾಗ ಯಾವುದಕ್ಕೆ ಕಿವಿಗೊಡಬೇಕು?

ಉತ್ತರ 1: ಸಕ್ಕರೆ ನಾಡಿನವ, ಮಂಡ್ಯ

ಸರ್, ಹೊಸದಕ್ಕೆ ಹೋಗುವ ಮುನ್ನ 2008ರ ‘ಕಿನ್ಸ್‌ಮೆನ್’ ಆಲ್ಬಮ್ಮನ್ನು ಕೇಳಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ನಾಗಸ್ವರದ ಮನೆತನದಿಂದ ಆ ವಾದ್ಯಕ್ಕೆ ಬಂದ ಕದ್ರಿ ಗೋಪಾಲನಾಥರು ಅದರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರೊಡನೆ ನುಡಿಸಿದ್ದಾರೆ, ಪಿಟೀಲಿಗೆ ಎ. ಕನ್ಯಾಕುಮಾರಿ ಅವರಿದ್ದಾರೆ. ಎರಡೂ ಆಲ್ಟೋ ಸ್ಯಾಕ್ಸೊಫೋನುಗಳೇ ಆದರೂ ಯಾರದು ಯಾವುದೆಂದು ನಿಮಗೆ ಅರೆಕ್ಷಣದಲ್ಲಿ ತಿಳಿಯುತ್ತದೆ, ಏಕೆಂದರೆ ಕದ್ರಿಯವರು ಸ್ವರದಿಂದ ಸ್ವರಕ್ಕೆ ಜಾರಿಕೊಂಡು ಹೋಗುವಲ್ಲಿ ಮಹಾಂತಪ್ಪ ಅವರು ಹೆಚ್ಚಾಗಿ ಸ್ವರಗಳನ್ನು ಬಿಡಿಬಿಡಿಯಾಗಿ, ರಭಸದಿಂದ ಎಸೆಯುತ್ತಾರೆ.

ಆಮೇಲೆ 2024ಕ್ಕೆ ಬನ್ನಿ. ಇಮ್ಯಾನುಯೆಲ್ ವಿಲ್ಕಿನ್ಸ್ ಅವರ ‘ಬ್ಲೂಸ್ ಬ್ಲಡ್’ ಕೂಡ ಆಲ್ಟೋ ಸ್ಯಾಕ್ಸೊಫೋನಿನದೇ, ಜೊತೆಗೆ ಅದರಲ್ಲಿ ತಮಿಳುನಾಡಿನಲ್ಲಿ ಬೆಳೆದ ಗಾನವ್ಯಾ ಅವರ ದನಿಯೂ ಇದೆ. ನಿಧಾನವಾದದ್ದು ಬೇಕೆಂದರೆ ಸ್ಯಾಕ್ಸೊಫೋನ್ ವಾದಕ ಚಾರ್ಲ್ಸ್ ಲಾಯ್ಡ್ ತಮ್ಮ 86ನೇ ಹುಟ್ಟುಹಬ್ಬದಂದು ಹೊರತಂದ ‘ದ ಸ್ಕೈ ವಿಲ್ ಸ್ಟಿಲ್ ಬಿ ದೇರ್ ಟುಮಾರೊ’ ಇದೆ. (ಆಸೆಪಟ್ಟು ತರಿಸಿದ ಅದರ ಎಲ್‌ಪಿಯ ಒಂದು ತಟ್ಟೆ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಬಾಗಿ ನನ್ನ ಮನೆಗೆ ಬಂದದ್ದು ಬೇರೆಯೇ ಕಥೆ.)

ಉತ್ತರ 2: ಮೃದಂಗದ ವಿದ್ಯಾರ್ಥಿನಿ, ಕುವೆಂಪುನಗರ

ಸಮ ಸಿಗದಿರುವುದಕ್ಕೆ ಒಂದು ಕಾರಣವಿದೆ ಸರ್. ಜಾಝಿನ ಹಳೆಯ ಪದ್ಧತಿಯಲ್ಲಿ ಹಾಡಿನ ಇಡೀ ಉದ್ದವೇ ಒಂದು ಆವರ್ತ, ಅಂದರೆ ಒಂದು ಪೂರ್ಣ ಸುತ್ತು. ಹಾಡು ಮುಗಿದ ಮೇಲೆ ಅದೇ ಉದ್ದವನ್ನು ಮತ್ತೆ ಮತ್ತೆ ಸುತ್ತುತ್ತ ಒಬ್ಬೊಬ್ಬರಾಗಿ ಮನೋಧರ್ಮಕ್ಕೆ (ಆ ಕ್ಷಣದ ಸ್ವಂತ ಕಲ್ಪನೆಗೆ) ಇಳಿಯುತ್ತಾರೆ. ಆ ಉದ್ದ ಸಾಮಾನ್ಯವಾಗಿ ತಲಾ ನಾಲ್ಕೆಣಿಕೆಯ 32 ಖಂಡಗಳು (ಅವರ ಮಾತಿನಲ್ಲಿ ‘ಬಾರ್’), ಅಂದರೆ ಎಂಟೆಣಿಕೆಯ ನಮ್ಮ ಆದಿತಾಳದ 16 ಆವರ್ತಗಳು. ಎಂಟೆಣಿಕೆಗೊಮ್ಮೆ ಸಮವನ್ನು ಕಾದರೆ ಯಾರೂ ಅಲ್ಲಿ ನಿಂತು ತೋರಿಸುವುದಿಲ್ಲ.

ಅಯ್ಯರ್ ಅವರ ಇದೇ ಮೂವರ ತಂಡ 2021ರ ‘ಅನ್‌ಈಸಿ’ ಆಲ್ಬಮ್ಮಿನಲ್ಲಿ ಕೋಲ್ ಪೋರ್ಟರ್ 1932ರಲ್ಲಿ ರಚಿಸಿದ ‘ನೈಟ್ ಅಂಡ್ ಡೇ’ ನುಡಿಸಿದೆ. ಆ ಹಾಡಿನ ಮುಖ್ಯ ಭಾಗಕ್ಕೆ 48 ಬಾರ್. ಮೊದಲು ಗಾಯಕಿ ಎಲಾ ಫಿಟ್ಜೆರಾಲ್ಡ್ 1956ರಲ್ಲಿ ಹಾಡಿದ್ದನ್ನು ಬಾಯಿಗೆ ಬರುವ ತನಕ ಕೇಳಿ, 24 ಆದಿತಾಳ ಎಣಿಸಿ. ಅನಂತರ ಈ ತಂಡದ ಬಳಿಗೆ ಹೋಗಿ. ಕೃತಿ ಗೊತ್ತಿಲ್ಲದವರಿಗೆ ನಮ್ಮ ನೆರವಲ್ (ಕೃತಿಯ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಕೂಡ ದಿಕ್ಕು ತಪ್ಪಿಸುವುದಿಲ್ಲವೇ?

ಉತ್ತರ 3: ಸರಸ್ವತಿಪುರಂನಿಂದ

ಕದ್ರಿಯವರ ದಾರಿಯಿಂದ ಜಾಝಿಗೆ ಹೋಗುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಆ ಆಲ್ಬಂ ಸೊಗಸಾದದ್ದೇ, ಆದರೆ ಅಲ್ಲಿ ನಮ್ಮ ಕಿವಿ ಸ್ವರವನ್ನು ಜಾರಿಸುವ, ತೂಗಿಸುವ ಪರಿಚಿತ ಗಮಕಕ್ಕೆ ಅಂಟಿಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಕೇಳಬೇಕಾದದ್ದು ಬೇಸನ್ನು. ತಂಬೂರಿ ಒಂದೇ ಷಡ್ಜದ ಮೇಲೆ ಕೂತಿರುತ್ತದೆ. ಜಾಝಿನಲ್ಲಿ ಬೇಸ್ ಹಾಡಿನುದ್ದಕ್ಕೂ ಅಡಿಪಾಯವನ್ನೇ ಸರಿಸುತ್ತಿರುತ್ತದೆ. ಸ್ವರಗಳು ಅವೇ ಇದ್ದು ಷಡ್ಜ ಮಾತ್ರ ಬದಲಾಗುವ ಗ್ರಹಭೇದವನ್ನು ನೆನಪಿಸಿಕೊಳ್ಳಿ: ಮೋಹನ ರಾಗದ ಗಾಂಧಾರವನ್ನೇ ಷಡ್ಜ ಮಾಡಿಕೊಂಡರೆ ಹಿಂದೋಳ ರಾಗ, ಧೈವತವನ್ನು ಷಡ್ಜವೆಂದುಕೊಂಡರೆ ಅದೇ ಗಾಂಧಾರ ಪಂಚಮವಾಗುತ್ತದೆ. ಕಚೇರಿಯಲ್ಲಿ ವಿದ್ವಾಂಸರು ಅಪರೂಪಕ್ಕೆ ತೋರಿಸಿ ಚಪ್ಪಾಳೆ ಗಿಟ್ಟಿಸುವ ಈ ಚಮತ್ಕಾರ ಅಲ್ಲಿ ದಿನಬಳಕೆಯ ವ್ಯಾಕರಣ.

ಅಂದಹಾಗೆ, ತಾವು ಕೇಳಿದ್ದು ಫೋನಿನ ಸ್ಪೀಕರಿನಲ್ಲೇ? ಡಬಲ್ ಬೇಸಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಅಷ್ಟು ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಆ ಪುಟ್ಟ ಸ್ಪೀಕರಿಗಿಲ್ಲ. ತಂಬೂರಿಯಿಲ್ಲದ ಕಚೇರಿಯನ್ನು ಕೇಳಿ ಶ್ರುತಿ ಎಲ್ಲಿ ಎಂದು ಕೇಳಿದಂತಾಗಿರಬಹುದು.

ಒಂಟಿಕೊಪ್ಪಲ್ ಕೇಳುಗ

ಫೋನಿನ ಸ್ಪೀಕರಿನಲ್ಲೇ, ಅದೂ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುವಾಗ. ನಿನ್ನೆ ಮಗಳ ಹಳೆಯ ಹೆಡ್‌ಫೋನ್ ಹುಡುಕಿ ತೆಗೆದು ಕೇಳಿದೆ. ಲಿಂಡಾ ಮೇ ಹಾನ್ ಓ ಅವರ ಬೇಸ್ ಇಷ್ಟು ದಿನ ಅಲ್ಲೇ ಇದ್ದರೂ ನನಗೆ ಕೇಳಿಸಿಯೇ ಇರಲಿಲ್ಲ. ಈಗ ಪಿಯಾನೋ ಅದೇ ಸ್ವರವನ್ನು ಒತ್ತುತ್ತಿರುವಾಗ ಕೆಳಗಿನ ನೆಲ ಸರಿಯುವುದು ಎರಡು ಮೂರು ಕಡೆ ನಿಚ್ಚಳವಾಗಿ ತಿಳಿಯಿತು. ಫಿಟ್ಜೆರಾಲ್ಡ್ ಅವರ ಹಾಡಿಗೆ 24 ಆವರ್ತಗಳೂ ಸರಿಬಂದವು. ಅಯ್ಯರ್ ತಂಡದೊಡನೆ ಏಳನೆಯ ಆವರ್ತದಲ್ಲೇ ಲೆಕ್ಕ ತಪ್ಪಿತು. ಇಂದು ರಾತ್ರಿ ಮತ್ತೆ ಕೂರುತ್ತೇನೆ.