ಹಾಡಿ ಜಮೀನಲ್ಲಿ ರೆಸಾರ್ಟ್‌ನವರು ಕಲ್ಲು ನೆಟ್ಟಿದ್ದಾರೆ, ಏನು ಮಾಡೋದು ಮೇಡಂ?

ಪ್ರಶ್ನೆ (ಎಚ್.ಡಿ. ಕೋಟೆ ತಾಲ್ಲೂಕಿನಿಂದ): ನಮಸ್ಕಾರ ಮೇಡಂ. ನಾವು ಜೇನು ಕುರುಬರು, ಕಾಡಿನ ಬುಡಕಟ್ಟಿನವರು. ಕಬಿನಿ ಹಿನ್ನೀರಿನ ಹತ್ತಿರ ನಮ್ಮ ಹಾಡಿ. ಹೋದ ತಿಂಗಳು ಯಾರೋ ಜೀಪಲ್ಲಿ ಬಂದು, ನಾವು ರಾಗಿ ಹಾಕೋ ಜಾಗ ಅಳೆದು, ಕಲ್ಲು ನೆಟ್ಟು ಸುಣ್ಣ ಬಳಿದು ಹೋದರು. ರೆಸಾರ್ಟ್ ಬರುತ್ತಂತೆ. ಮನೆಗೊಬ್ಬರಿಗೆ ಕೆಲಸ ಅಂತ ಒಬ್ಬ ಏಜೆಂಟ್ ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಮನೆಮನೆ ತಿರುಗುತ್ತಿದ್ದಾನೆ. ಅರಣ್ಯ ಹಕ್ಕು ಅರ್ಜಿ ಹಾಕಿ ಹತ್ತು ವರ್ಷ ಆಯ್ತು, ಹಕ್ಕುಪತ್ರ ಬಂದಿಲ್ಲ. "ಪಹಣಿ ಇಲ್ಲ, ನಿಮ್ದೇನಿದೆ ಇಲ್ಲಿ" ಅಂತಾನೆ ಆ ಏಜೆಂಟ್. ಮೊನ್ನೆ ಜೆಸಿಬಿಗೆ ಅಡ್ಡ ಕೂತಾಗ ಪೊಲೀಸರು ನಾಲ್ಕು ಜನರನ್ನ ಕರೆದುಕೊಂಡು ಹೋದರು. ರಾತ್ರಿ ಬಿಡುವಾಗ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ. ಏನು ಬರೆದಿತ್ತೋ ಗೊತ್ತಿಲ್ಲ.

ಉತ್ತರ (ವಕೀಲರು, ಮೈಸೂರು): ಮೊದಲು ಹೆಬ್ಬೆಟ್ಟು ನಿಲ್ಲಿಸಿ ತಮ್ಮಾ. ಇವತ್ತೇ. ಉಳಿದಿದ್ದು ಆಮೇಲೆ.

ಹಕ್ಕುಪತ್ರ ಬಂದಿಲ್ಲ ಅಂತ ಆ ಏಜೆಂಟ್ ನಿಮ್ಮನ್ನ ಹೆದರಿಸುತ್ತಿದ್ದಾನೆ. ನನಗೆ ಅದು ಉಲ್ಟಾ ಕಾಣುತ್ತೆ. ಜಾಗ ಅರಣ್ಯ ಭೂಮಿಯಾಗಿದ್ದರೆ, 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5) ನಿಮ್ಮ ಕಡೆ ಇದೆ. ಅರ್ಜಿಯ ಪರಿಶೀಲನೆ ಪೂರ್ತಿ ಮುಗಿಯೋ ತನಕ ಎಬ್ಬಿಸೋ ಹಾಗಿಲ್ಲ. ಹತ್ತು ವರ್ಷದಿಂದ ಫೈಲ್ ಮುಗಿಸದೆ ಇಟ್ಟವರು ಅವರು. ಹಾಗಾದರೆ ಹತ್ತು ವರ್ಷದಿಂದ ನಿಮ್ಮನ್ನ ಮುಟ್ಟೋ ಹಾಗೂ ಇಲ್ಲ, ಅಲ್ವಾ?

ಆದರೆ "ಅರಣ್ಯ ಭೂಮಿಯಾಗಿದ್ದರೆ" ಅಂದೆ, ಗಮನಿಸಿ. ಕಾಡಂಚಲ್ಲಿ ಅರ್ಧ ಎಕರೆ ಅರಣ್ಯ ಇಲಾಖೆದು, ಬದು ದಾಟಿದರೆ ಕಂದಾಯ ಇಲಾಖೆದು. ತಾಲ್ಲೂಕು ಕಚೇರಿಯಲ್ಲಿ ಆ ಸರ್ವೆ ನಂಬರಿನ ಪಹಣಿ, ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯದ ದಾಖಲೆ), ನಕ್ಷೆ ಮೂರೂ ತೆಗೆಸಿ. ನಿಮ್ಮ ಹಿರಿಯರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಬೇರೆ ಕಾನೂನು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನ ಯಾರೂ ಕೊಳ್ಳೋ ಹಾಗಿಲ್ಲ. ಕೊಂಡರೂ ಆ ಕ್ರಯ ಊರ್ಜಿತ ಅಲ್ಲ. ಇನ್ನು ಅರಣ್ಯ ಹಕ್ಕುಪತ್ರದ ಜಮೀನು ಮಕ್ಕಳಿಗೆ ಹೋಗುತ್ತೆ, ಮಾರಾಟಕ್ಕೆ ಬರಲ್ಲ. ಏಜೆಂಟ್ ಕೈಯಲ್ಲಿರೋ ಅಗ್ರಿಮೆಂಟ್ ಹಾಳೆಗೆ ಎಷ್ಟು ಬೆಲೆ ಅಂತ ಈಗ ಗೊತ್ತಾಯ್ತಲ್ಲ.

ಈಗ ಪುಸ್ತಕದ ವಿಷಯ. ನಿಮ್ಮ ಹಾಡಿಯ ಗ್ರಾಮಸಭೆ ನಡವಳಿ ಪುಸ್ತಕ ಎಲ್ಲಿದೆ? ಪಂಚಾಯಿತಿ ಕಟ್ಟಡದಲ್ಲಿ ಇಡೀ ಪಂಚಾಯಿತಿಗೆ ಸೇರಿಸಿ ಮಾಡೋ ಸಭೆ ಅಲ್ಲ ನಾನು ಹೇಳೋದು. ಅಲ್ಲಿ ನಿಮ್ಮ ಮನೆಗಳ ಮಾತು ಯಾರಿಗೂ ಕೇಳಿಸಲ್ಲ. ಅರಣ್ಯ ಹಕ್ಕು ಕಾಯ್ದೆ "ಗ್ರಾಮ" ಅನ್ನುವಾಗ ಹಾಡಿಯಂಥ ಜನವಸತಿಯೂ ಸೇರುತ್ತೆ. ನೀವೇ ಸೇರಿ. ಅರ್ಧಕ್ಕಿಂತ ಕಡಿಮೆ ಜನ ಇರಬಾರದು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಕಲ್ಲು ನೆಟ್ಟ ದಿನ, ಜೀಪಿನ ನಂಬರ್, ಏಜೆಂಟ್ ಆಡಿದ ಮಾತು ಎಲ್ಲ ಬರೆಸಿ, "ನಮ್ಮ ಒಪ್ಪಿಗೆ ಇಲ್ಲ" ಅಂತ ನಿರ್ಣಯ ಮಾಡಿ. ಒಂದೊಂದು ಪ್ರತಿ ಹುಣಸೂರು ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿ, ಜಿಲ್ಲಾಧಿಕಾರಿ, ಗಿರಿಜನ ಅಭಿವೃದ್ಧಿ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕಲ್ಲ ಅಂದರೆ ರಿಜಿಸ್ಟರ್ ಪೋಸ್ಟ್.

ದಾಖಲೆ ಇಲ್ಲ ಅನ್ನೋ ಮಾತಿಗೆ ಒಂದು ಅನುಭವ ಹೇಳ್ತೀನಿ. ಒಂದು ಹಾಡಿಯ ಹತ್ತು ಅರ್ಜಿಗೆ ಬಂದ ಹಿಂಬರಹ, ಅಂದರೆ ಕಚೇರಿಯ ತಿರಸ್ಕಾರದ ಉತ್ತರ, ನೋಡಿದ್ದೆ. ಹತ್ತಕ್ಕೂ ಒಂದೇ ಕೈಬರಹ, ಒಂದೇ ಸಾಲು: ದಾಖಲೆ ಇಲ್ಲ. ನಾನು ಆ ಹಾಡಿಗೆ ಹೋದಾಗ ಒಬ್ಬ ಅಜ್ಜಿ ಮಾತಾಡದೆ ಎದ್ದು ನಡೆದರು. ನಾವು ಹಿಂದೆ ಹೋದೆವು. ಲಂಟಾನ ಪೊದೆ ಕತ್ತಿಯಲ್ಲಿ ಸವರಿ ಬಗ್ಗಿಸಿದರು. ಕೆಳಗೆ ಸಾಲಾಗಿ ಚಪ್ಪಡಿ ಕಲ್ಲು, ಪಾಚಿ ಹಿಡಿದಿತ್ತು. "ಇದು ನಮ್ಮತ್ತೆ, ಇದು ಅವರತ್ತೆ" ಅಂತ ಬೆರಳು ತೋರಿಸಿದರು. ಅರಣ್ಯ ಹಕ್ಕು ಕಾಯ್ದೆಯ ನಿಯಮ 13ರಲ್ಲಿ ಸಮಾಧಿ ಜಾಗ, ದೇವರ ಬನ, ಬಾವಿ, ಹಳೇ ಮನೆ ಗುರುತು ಎಲ್ಲ ಸಾಕ್ಷಿಯೇ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹೇಳುವವರು ಆ ಅರ್ಜಿ ಹಾಕಿದವರೇ ಆಗಿರಬಾರದು, ಅಷ್ಟೇ. ನಿಮಗೂ ಅಂಥ ಹಿಂಬರಹ ಕೈಗೆ ಬಂದರೆ ಆ ದಿನದಿಂದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಮರೀಬೇಡಿ.

ಪೊಲೀಸ್ ವಿಷಯ: ಆ ಹಾಳೆ ಬಹುಶಃ ಶಾಂತಿಭಂಗದ ಮುಚ್ಚಳಿಕೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 107, ಈಗಿನ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್ 126. ಹಾಗಾದರೆ ತಹಶೀಲ್ದಾರ್ ಮುಂದೆ ಬರಲು ನೋಟಿಸ್ ಬರುತ್ತೆ, ತಪ್ಪಿಸಬೇಡಿ. ಸಾಮಾನ್ಯವಾಗಿ ಆ ವಿಚಾರಣೆ ಆರು ತಿಂಗಳಲ್ಲಿ ಮುಗಿಯಬೇಕು. ಓದಿ ಹೇಳದೆ ಸಹಿ ಹಾಕಿಸಿಕೊಂಡರು ಅಂತ ನಾಲ್ವರೂ ಈಗಲೇ ಎಸ್‌ಪಿಗೆ ಬರೆದು ಪೋಸ್ಟ್ ಮಾಡಲಿ. ಮುಂದೆ ಯಾರನ್ನೇ ಬಂಧಿಸಿದರೂ ಕಾರಣ ಬರವಣಿಗೆಯಲ್ಲಿ ಕೇಳಿ. ಹೆಂಗಸರನ್ನ ಸೂರ್ಯ ಮುಳುಗಿದ ಮೇಲೆ ಹಾಗೆಲ್ಲ ಬಂಧಿಸೋ ಹಾಗಿಲ್ಲ. ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಮೈಸೂರಿನಿಂದ ಇನ್ನೊಬ್ಬರು: ಮೇಡಂ, ಒಡಿಶಾದ ನಿಯಮಗಿರಿಯಲ್ಲಿ ಡೋಂಗ್ರಿಯಾ ಕೊಂದ್ ಜನ ಗ್ರಾಮಸಭೆಯಲ್ಲಿ ಬೇಡ ಅಂದು ವೇದಾಂತ ಕಂಪನಿಯ ಗಣಿ ನಿಲ್ಲಿಸಿದರು, ನಿಜ. ಆದರೆ ಅದು ಸಂವಿಧಾನದ ಐದನೇ ಅನುಸೂಚಿಯಲ್ಲಿ ಬುಡಕಟ್ಟಿನವರಿಗೆ ಅಂತ ಘೋಷಿಸಿದ ಪ್ರದೇಶ. ಕರ್ನಾಟಕದಲ್ಲಿ ಅಂಥದ್ದೇ ಇಲ್ಲ. ಸುಮ್ನೆ ಹುಡುಗರಿಗೆ ಆಸೆ ಹುಟ್ಟಿಸಬೇಡಿ.

ಉತ್ತರ: ಅರ್ಧ ಸರಿ ಸಾರ್. ನಮ್ಮಲ್ಲಿ ಐದನೇ ಅನುಸೂಚಿ ಇಲ್ಲ, ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗೆ ಅಧಿಕಾರ ಕೊಡೋ ಪೆಸಾ ಕಾಯ್ದೆಯೂ ಇಲ್ಲ. ಆದರೆ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿಯಮಗಿರಿ ತೀರ್ಪು ಕೊಡುವಾಗ ಅರಣ್ಯ ಹಕ್ಕು ಕಾಯ್ದೆಯನ್ನೂ ಹಿಡಿದುಕೊಂಡಿತ್ತು. ಆ ಕಾಯ್ದೆ ಕೋಟೆ ತಾಲ್ಲೂಕಿಗೂ ಇದೆ. ನಿಯಮಗಿರಿಯಲ್ಲಿ 12 ಗ್ರಾಮಸಭೆ ಆಯ್ತು, ಹನ್ನೆರಡೂ ಬೇಡ ಅಂದವು. ನಿಜವಾದ ತೊಡಕು ಬೇರೆ ಕಡೆ ಇದೆ. 2022ರ ಅರಣ್ಯ ಸಂರಕ್ಷಣೆ ನಿಯಮ ಬಂದ ಮೇಲೆ, ಕಾಡಿನ ಜಾಗ ಬೇರೆ ಕೆಲಸಕ್ಕೆ ಕೊಡುವಾಗ ಗ್ರಾಮಸಭೆ ಒಪ್ಪಿದೆಯಾ ಅಂತ ಕೇಂದ್ರ ಮೊದಲೇ ನೋಡಬೇಕು ಅನ್ನೋ ಬಿಗಿ ಹೋಯ್ತು. ಆ ಹೊಣೆ ರಾಜ್ಯದ ತಲೆಗೆ ಬಂತು. ಅದಕ್ಕೇ ಕಾಗದ ಈಗಲೇ ರಾಜ್ಯದ ಕಚೇರಿಗಳಲ್ಲಿ ಇರಲಿ ಅಂದಿದ್ದು.

ದೂರ ಯಾಕೆ, ನಾಗರಹೊಳೆಯದ್ದೇ ನೋಡಿ. ಮೂರ್ಕಲ್‌ನಲ್ಲಿ ಕಾಡಿನೊಳಗೆ ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಿತ್ತು. 1996ರಲ್ಲಿ ಹಾಡಿ ಜನ ಬೀದಿಗಿಳಿದರು. ಜೊತೆಗೇ ಅವರ ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೂ ಹೋಯ್ತು. 1997ರಲ್ಲಿ ಗೆದ್ದರು. ಯಾವುದರ ಮೇಲೆ ಗೆದ್ದರು ಗೊತ್ತಾ? ಕಾಡು ನಮ್ಮದು ಅನ್ನೋದರ ಮೇಲಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಪೂರ್ವಾನುಮತಿ ತಗೊಂಡಿರಲಿಲ್ಲ, ಗುತ್ತಿಗೆ ಅಲ್ಲಿ ಬಿತ್ತು. ಧರಣಿ ಕೂರದಿದ್ದರೆ ಆ ಫೈಲ್ ಯಾರೂ ತೆಗೆದು ನೋಡುತ್ತಿರಲಿಲ್ಲ ಅನ್ನೋದೂ ನಿಜ. ಹಕ್ಕಿನ ಪ್ರಶ್ನೆ ಹಾಗೇ ಉಳಿಯಿತು ಅನ್ನೋದು ನನ್ನ ತಕರಾರು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ, ಈ ಕಾಡುಗಳಿಂದ ಹೊರಬಿದ್ದ 3,418 ಕುಟುಂಬಗಳ ಲೆಕ್ಕ ಇದೆ.

ಮಂಡ್ಯದಿಂದ: ಮೇಡಂ, ನಾವು ಗಿರಿಜನ ಅಲ್ಲ, ಕಬ್ಬು ಬೆಳೆಯೋರು. ಕೈಗಾರಿಕೆಗೆ ಅಂತ ಕೆಐಎಡಿಬಿ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ನೋಟಿಸ್ ಬಂದಿದೆ. ಖಾಸಗಿ ಕಂಪನಿಗಾದರೆ 80 ಪರ್ಸೆಂಟ್ ರೈತರು ಒಪ್ಪಬೇಕು ಅಂತಾರಲ್ಲ?

ಉತ್ತರ: ಆ ಷರತ್ತು 2013ರ ಭೂಸ್ವಾಧೀನ ಕಾಯ್ದೆಯದ್ದು ಅಣ್ಣಾ. ನಿಮಗೆ ಬಂದಿರೋದು 1966ರ ಕೆಐಎಡಿಬಿ ಕಾಯ್ದೆ ನೋಟಿಸ್, ಅದರಲ್ಲಿ ಒಪ್ಪಿಗೆ ಕೇಳೋ ಮಾತೇ ಇಲ್ಲ. ನೋಟಿಸಿನಲ್ಲಿ ಸೆಕ್ಷನ್ 28(2) ಅಂತ ಇದ್ದರೆ, ಕೈಗೆ ಬಂದ ದಿನದಿಂದ 30 ದಿನದಲ್ಲಿ ಆಕ್ಷೇಪಣೆ ಹಾಕಿ. ಒಂದೇ ಹಾಳೆಗೆ ಊರೆಲ್ಲ ಸಹಿ ಮಾಡಬೇಡಿ. ಒಬ್ಬೊಬ್ಬರು ಬೇರೆ ಬೇರೆ, ತಮ್ಮ ಬೋರ್‌ವೆಲ್, ತೆಂಗು, ಬ್ಯಾಂಕ್ ಸಾಲ ಎಲ್ಲ ಬರೆದು ಕೊಡಿ. 28(4)ರ ಅಂತಿಮ ಘೋಷಣೆ ಆಗೋ ಮುಂಚೆ ಜಗಳ ಸುಲಭ, ಆಮೇಲೆ ಕಷ್ಟ. ಕಷ್ಟ ಅಂದೆ, ಆಗಲ್ಲ ಅನ್ನಲಿಲ್ಲ. ದೇವನಹಳ್ಳಿ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜೂನ್‌ನಲ್ಲಿ ಪೊಲೀಸರು ಎತ್ತಿಕೊಂಡು ಹೋದರು. ಜುಲೈನಲ್ಲಿ ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಿತು.

ಎಚ್.ಡಿ. ಕೋಟೆಯಿಂದ: ಮೇಡಂ, ಹೆಬ್ಬೆಟ್ಟು ನಿಲ್ಲಿಸಿದ್ದೀವಿ. ಆದರೆ ಆರು ಮನೆಯವರು ಆಗಲೇ ಒತ್ತಿಬಿಟ್ಟಿದ್ದಾರೆ. ನಡವಳಿ ಪುಸ್ತಕ ಪಂಚಾಯಿತಿಯಲ್ಲಿದೆ, ಕೊಡಲ್ಲ ಅಂತಾರೆ.

ಉತ್ತರ: ಆ ಆರು ಮನೆಯವರನ್ನ ಬೈಯಬೇಡಿ, ದೂರ ಮಾಡಬೇಡಿ. ಏಜೆಂಟ್‌ಗೆ ಬೇಕಾಗಿರೋದು ಅದೇ. ಅವರೂ ಸಭೆಗೆ ಬಂದು, "ಏನು ಅಂತ ಹೇಳದೆ ಒತ್ತಿಸಿಕೊಂಡರು" ಅಂತ ಬರೆಸಲಿ. ಪಂಚಾಯಿತಿ ಪುಸ್ತಕದ ಪ್ರತಿ ಬೇಕು ಅಂತ ಮಾಹಿತಿ ಹಕ್ಕು ಅರ್ಜಿ ಹಾಕಿ. ಅದು ಬರೋ ತನಕ ಕಾಯಬೇಡಿ. ಕೋಟೆ ಪೇಟೆಯಲ್ಲಿ ಗಟ್ಟಿ ರಟ್ಟಿನ ಲೆಡ್ಜರ್ ಸಿಗುತ್ತೆ, ಒಂದು ತಗೊಳ್ಳಿ. ಬರೆಯೋ ಮುಂಚೆ ಎಲ್ಲ ಪುಟಕ್ಕೂ ನಂಬರ್ ಹಾಕಿ, ನಡುವೆ ಖಾಲಿ ಬಿಡಬೇಡಿ. ಅರಣ್ಯ ಹಕ್ಕು ಸಮಿತಿ ಅಧ್ಯಕ್ಷರು, ಕಾರ್ಯದರ್ಶಿ ಪ್ರತಿ ಪುಟದ ಕೆಳಗೆ ಸಹಿ ಮಾಡಲಿ. ಸಭೆ ಭಾನುವಾರ ಇಟ್ಟರೆ ನಾನೂ ಬರ್ತೀನಿ. ಇಂಕ್ ಪ್ಯಾಡ್ ಮಾತ್ರ ಹೊಸದು ತನ್ನಿ. ಹೋದ ಸಲ ಒಂದು ಕಡೆ ಒಣಗಿದ ಪ್ಯಾಡಿಗೆ ನೀರು ಹಾಕಿ ಒತ್ತಿಸಿ, ಅರ್ಧ ಹೆಬ್ಬೆಟ್ಟು ಕಾಣಿಸಲೇ ಇಲ್ಲ.